ಹೋಟೆಲ್, ಅಂಗಡಿ ಕಸ: ಬೇರೆ ಮಾಡುವುದು ಹೇಗೆ, ಯಾರ ಕೈಗೆ ಕೊಡುವುದು

ದರ್ಶಿನಿ ನಡೆಸುತ್ತಿದ್ದೀರಾ, ಬೇಕರಿ ಇದೆಯಾ, ಕಿರಾಣಿ ಅಂಗಡಿಯಾ, ಸಲೂನಾ, ಹತ್ತು ಜನರ ಆಫೀಸಾ? ಏನೇ ಇರಲಿ, ನಿಮ್ಮ ಕಸ ಕೆಡುವುದು ನಿಮ್ಮ ಅಂಗಡಿಯ ಒಳಗೇ, ಗಾಡಿ ಬರುವುದಕ್ಕೆ ಮುಂಚೆಯೇ. ಸಾಂಬಾರ್ ಚೆಲ್ಲಿದ ರಟ್ಟಿನ ಡಬ್ಬವನ್ನು ಗುಜರಿಯವರು ಮುಟ್ಟುವುದಿಲ್ಲ. ಹಾಲಿನ ಕವರ್ ಸೇರಿದ ತರಕಾರಿ ಸಿಪ್ಪೆಯಿಂದ ಒಳ್ಳೆ ಗೊಬ್ಬರ ಬರುವುದಿಲ್ಲ. ಬೇರೆ ಬೇರೆ ಇದ್ದಾಗ ಒಂದಕ್ಕೆ ದುಡ್ಡು, ಇನ್ನೊಂದು ಹೊಲಕ್ಕೆ. ಸೇರಿಹೋದವು ಅಂದ್ರೆ ಎರಡೂ ಊರಾಚೆಯ ಯಾವುದೋ ಕ್ವಾರಿ ಗುಂಡಿಗೆ ಹೋಗಿ ಬೀಳುತ್ತವೆ.

ಆ ಗುಂಡಿಯ ಪಕ್ಕದಲ್ಲಿ ಊರಿದೆ, ಬಾವಿಯಿದೆ, ಶಾಲೆಯಿದೆ. ಬೆಂಗಳೂರಿನ ಕಸ ಮಾವಳ್ಳಿಪುರಕ್ಕೆ ಹೋಗುತ್ತಿತ್ತು, 2012ರಲ್ಲಿ ಅಲ್ಲಿ ನಿಂತಿತು. ಆಮೇಲೆ ಹೊರೆಯೆಲ್ಲ ಮಂಡೂರಿನ ಮೇಲೆ ಬಿತ್ತು, ಊರವರು ರಸ್ತೆಗಿಳಿದು ಹೋರಾಡಿ 2014ರ ಕೊನೆಯಲ್ಲಿ ಅದನ್ನು ನಿಲ್ಲಿಸಿಕೊಂಡರು. ಮುಂದೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ. ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ಮಳೆಗೆ ಕಸದ ಗುಡ್ಡವೇ ಜಾರಿ ಪಕ್ಕದ ಮಂದಾರ ಅನ್ನುವ ಊರಿನ ಮನೆ, ತೋಟಗಳ ಮೇಲೆ ಹರಿಯಿತು. ಆ ಗುಡ್ಡಗಳಲ್ಲಿ ಹೋಟೆಲ್ಲು, ಮಾರುಕಟ್ಟೆ, ಛತ್ರಗಳ ಕಸದ ಪಾಲು ಸಣ್ಣದೇನಲ್ಲ. ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಕಸ ಬೇರೆ ಮಾಡುವುದನ್ನು ದಂಡ ತಪ್ಪಿಸಿಕೊಳ್ಳುವ ಕೆಲಸ ಅಂತ ನೋಡುವವರು ದಂಡ ಹಾಕುವವರು ಬರದ ವಾರ ಅದನ್ನು ಬಿಟ್ಟುಬಿಡುತ್ತಾರೆ.

ನಾನು ಹೇಳುವುದು ಮುಖ್ಯವಾಗಿ ಬೆಂಗಳೂರಿನ ಲೆಕ್ಕದಲ್ಲಿ. ಮೈಸೂರು, ಹುಬ್ಬಳ್ಳಿ, ಶಿವಮೊಗ್ಗದವರು ಗಾಡಿಯ ದಿನ, ಸಮಯ ಬದಲಿಸಿಕೊಂಡರೆ ಸಾಕು, ಉಳಿದದ್ದು ಹಾಗೇ ನಡೆಯುತ್ತದೆ.

ಮೊದಲು ತೂಕ ಹಾಕಿ

ಡಬ್ಬ ಕೊಳ್ಳಲು ಓಡಬೇಡಿ. ಮೊದಲು ಒಂದು ವಾರ ತೂಕ ಹಾಕಿ. ತರಕಾರಿ ತೂಗುವ ತಕ್ಕಡಿ ಸಾಕು. ಅಡುಗೆಮನೆ ಸಿಪ್ಪೆ ಎಷ್ಟು, ಎಂಜಲು ಎಷ್ಟು, ರಟ್ಟು ಎಷ್ಟು, ಪ್ಲಾಸ್ಟಿಕ್ ಎಷ್ಟು, ಗಾಜು ಎಷ್ಟು ಅಂತ ಗೋಡೆಗೆ ಒಂದು ಹಾಳೆ ಅಂಟಿಸಿ ಬರೆಯಿರಿ. ಶನಿವಾರ, ಭಾನುವಾರ ಬಿಡಬೇಡಿ, ಆ ಎರಡು ದಿನವೇ ಲೆಕ್ಕ ತಲೆಕೆಳಗಾಗುವುದು.

ತೂಕದಿಂದ ಎರಡು ಉಪಯೋಗ. ಒಂದು, ಕಾನೂನಿನಲ್ಲಿ ನೀವು ಎಲ್ಲಿ ನಿಲ್ಲುತ್ತೀರಿ ಅಂತ ಗೊತ್ತಾಗುತ್ತದೆ. ದಿನಕ್ಕೆ 100 ಕೆಜಿ ದಾಟಿದರೆ ನೀವು ದೊಡ್ಡ ಪ್ರಮಾಣದ ಕಸ ಉತ್ಪಾದಕರು. 2016ರ ಘನತ್ಯಾಜ್ಯ ನಿಯಮಗಳಿಂದಲೇ ಈ ಗಡಿ ಇದೆ. ಈ ಗಡಿ ದಾಟಿದವರು ಮನೆ ಕಸದ ಆಟೋ ಟಿಪ್ಪರ್‌ಗೆ ಸುರಿಯುವ ಹಾಗಿಲ್ಲ. ಜಾಗ ಇದ್ದರೆ ಹಸಿ ಕಸವನ್ನು ಅಲ್ಲೇ ಸಂಸ್ಕರಿಸಬೇಕು, ಇಲ್ಲ ಅಂದ್ರೆ ಪಾಲಿಕೆ ಒಪ್ಪಿದ ಏಜೆನ್ಸಿಗೆ ಹಣ ಕೊಟ್ಟು ಒಪ್ಪಿಸಬೇಕು. ಬೆಳಿಗ್ಗೆಯಿಂದ ರಾತ್ರಿವರೆಗೆ ಜನ ತುಂಬಿರುವ ಊಟದ ಹೋಟೆಲ್ಲು 100 ಕೆಜಿ ಮುಟ್ಟುವುದು ಏನೂ ಕಷ್ಟವಲ್ಲ, ಎಷ್ಟೋ ಮಾಲೀಕರಿಗೆ ತಾವು ಆ ಸಾಲಿನಲ್ಲಿದ್ದೇವೆ ಅನ್ನುವುದೇ ಗೊತ್ತಿರುವುದಿಲ್ಲ.

ಎರಡನೆಯದು ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಎಂಜಲಿನ ತೂಕ ನೋಡಿದರೆ ನಿಮ್ಮ ಮೆನು ಏನು ಹೇಳುತ್ತಿದೆ ಅಂತ ತಿಳಿಯುತ್ತದೆ. ದಿನಾ ಬಕೆಟ್‌ಗಟ್ಟಲೆ ಚಟ್ನಿ ವಾಪಸ್ ಬರುತ್ತಿದ್ದರೆ ಚಟ್ನಿ ಬಡಿಸುವ ಸೌಟು ದೊಡ್ಡದಾಗಿದೆ ಅಂತ ಅರ್ಥ. ಊಟದ ತಟ್ಟೆಯಲ್ಲಿ ಅನ್ನ ಉಳಿಯುತ್ತಿದ್ದರೆ ಮೊದಲ ಸಲ ಕಡಿಮೆ ಬಡಿಸಿ, ಕೇಳಿದವರಿಗೆ ಮತ್ತೆ ಹಾಕಿ. ಬೇಳೆ, ಕಾಯಿ, ಗ್ಯಾಸ್ ಖರ್ಚು ಮಾಡಿ ಬೇಯಿಸಿದ್ದನ್ನು ಎಸೆಯಲು ಮತ್ತೆ ದುಡ್ಡು ಕೊಡುವುದು ಯಾರಿಗೂ ಬೇಡ ಅಲ್ವಾ?

ಡಬ್ಬ ಎಲ್ಲಿ ಇಡಬೇಕು

ಬೆಂಗಳೂರಿನಲ್ಲಿ ಎರಡು ಡಬ್ಬ, ಒಂದು ಚೀಲದ ಪದ್ಧತಿ 2015ರಲ್ಲಿ ಹೈಕೋರ್ಟ್ ಆದೇಶದಿಂದ ಬಂದದ್ದು. ಹಸಿರು ಡಬ್ಬ ಹಸಿ ಕಸಕ್ಕೆ, ಕೆಂಪು ಡಬ್ಬ ಬೇರೆ ಎಲ್ಲೂ ಹೋಗದ ಕೊಳಕು ಕಸಕ್ಕೆ, ಚೀಲ ಒಣ ಕಸಕ್ಕೆ. ಮನೆಗೆ ಇಷ್ಟು ಸಾಕು. ವ್ಯಾಪಾರದ ಜಾಗದಲ್ಲಿ ಮೂರು ಡಬ್ಬ ತಂದು ಹಿಂಬಾಗಿಲ ಹತ್ತಿರ ಸಾಲಾಗಿ ಇಟ್ಟರೆ ಏನೂ ಆಗುವುದಿಲ್ಲ. ಕೈಯಲ್ಲಿ ಕಸ ಹಿಡಿದ ಹುಡುಗ ಹಿಂಬಾಗಿಲವರೆಗೆ ನಡೆಯುವುದಿಲ್ಲ, ಹತ್ತಿರ ಯಾವ ಡಬ್ಬ ಇದೆಯೋ ಅದಕ್ಕೇ ಹಾಕುತ್ತಾನೆ. ಜನ ತುಂಬಿದ ಮಧ್ಯಾಹ್ನ ಒಂದು ಗಂಟೆಗೆ ನೀವಿದ್ದರೂ ಹಾಗೇ ಮಾಡುತ್ತೀರಿ. ಅದಕ್ಕೆ ಕಸ ಹುಟ್ಟುವ ಜಾಗದಲ್ಲೇ ಅದರ ಡಬ್ಬ ಇರಬೇಕು.

ಹೋಟೆಲ್ ಆದರೆ ಹೀಗೆ ನೋಡಿ. ತರಕಾರಿ ಹೆಚ್ಚುವ ಕಟ್ಟೆಯ ಕೆಳಗೆ ಒಂದು ಹಸಿ ಡಬ್ಬ, ಬೇರೆ ಏನೂ ಬೇಡ. ಸಾಮಾನು ಬಿಚ್ಚುವ ಕಡೆ, ಅಂದ್ರೆ ಹಾಲು, ಎಣ್ಣೆ, ಮಸಾಲೆ ಪೊಟ್ಟಣ ಒಡೆಯುವ ಜಾಗದಲ್ಲಿ ಒಣ ಚೀಲ ಮಾತ್ರ. ತಟ್ಟೆ ತೊಳೆಯುವ ಜಾಗ ಎಲ್ಲಕ್ಕಿಂತ ಮುಖ್ಯ. ತಟ್ಟೆ ವಾಪಸ್ ಬಂದಾಗ ಅದರಲ್ಲಿ ಎಂಜಲು, ಟಿಶ್ಯೂ, ಟೂತ್‌ಪಿಕ್, ಸ್ಟ್ರಾ, ಬಿಲ್ಲು ಎಲ್ಲ ಇರುತ್ತವೆ. ಅಲ್ಲಿ ಅಗಲ ಬಾಯಿಯ ಹಸಿ ಡಬ್ಬ, ಅದರ ಪಕ್ಕ ಸಣ್ಣ ಕೆಂಪು ಡಬ್ಬ ಇಡಿ. ತಟ್ಟೆ ತೊಳೆಯುವವರಿಗೆ ಒಂದೇ ನಿಯಮ ಹೇಳಿ: ಮೊದಲು ತಿನ್ನಲಾಗದ್ದನ್ನು ತೆಗೆ, ಆಮೇಲೆ ತಟ್ಟೆ ಬಡಿ. ಇಷ್ಟೇ. ಉದ್ದ ಪಾಠ ಬೇಡ.

ಹಸಿ ಡಬ್ಬಕ್ಕೆ ಪ್ಲಾಸ್ಟಿಕ್ ಕವರ್ ಹಾಕಲೇಬೇಡಿ. ತಳಕ್ಕೆ ಹಳೆ ಪೇಪರ್ ಹಾಕಿ, ರಾತ್ರಿ ತೊಳೆದು ಬೋರಲು ಹಾಕಿ. ಕವರ್ ಕಟ್ಟಿ ಕೊಟ್ಟ ಹಸಿ ಕಸವನ್ನು ಯಾರೋ ಒಬ್ಬರು ಕೈಯಿಂದ ಹರಿದು ಸುರಿಯಬೇಕು, ಆ ಕವರ್ ಮತ್ತೆ ಯಾವುದಕ್ಕೂ ಬರುವುದಿಲ್ಲ. ಮಣ್ಣಲ್ಲಿ ಕರಗುತ್ತದೆ ಅಂತ ಹೇಳಿ ಮಾರುವ ಕವರ್‌ಗಳ ಬಗ್ಗೆಯೂ ಹುಷಾರು. ನಿಜವಾದವುಗಳ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ವಿವರ ಅಚ್ಚಾಗಿರುತ್ತದೆ, ಸುಮ್ನೆ ಹಸಿರು ಎಲೆ ಚಿತ್ರ ಇದ್ದರೆ ಸಾಲದು.

ಇನ್ನು ಬರಹ. ಡಬ್ಬದ ಮೇಲೆ ಕನ್ನಡದಲ್ಲಿ ಮಾತ್ರ ಬರೆದರೆ ನಿಮ್ಮ ಅಡುಗೆಮನೆಯಲ್ಲಿ ಎಷ್ಟು ಜನ ಓದುತ್ತಾರೆ ನೋಡಿಕೊಳ್ಳಿ. ಕುಂದಾಪುರದ ಭಟ್ಟರ ಪಕ್ಕದಲ್ಲಿ ಒಡಿಶಾ, ಅಸ್ಸಾಂ, ನೇಪಾಳದ ಹುಡುಗರು ಕೆಲಸ ಮಾಡುತ್ತಿರುತ್ತಾರೆ. ಹಾಗಾಗಿ ಚಿತ್ರ ಅಂಟಿಸಿ. ಅದೂ ಇಂಟರ್ನೆಟ್‌ನಿಂದ ತೆಗೆದ ಸೇಬಿನ ಚಿತ್ರ ಬೇಡ. ನಿಮ್ಮದೇ ಹಾಲಿನ ಕವರ್, ನಿಮ್ಮದೇ ಕರಿಬೇವಿನ ಕಡ್ಡಿ, ನಿಮ್ಮದೇ ಪಾರ್ಸಲ್ ಡಬ್ಬದ ಫೋಟೋ ತೆಗೆದು ಪ್ರಿಂಟ್ ಹಾಕಿಸಿ. ಹುಡುಗರು ಬದಲಾಗುತ್ತಲೇ ಇರುತ್ತಾರೆ, ಹೊಸಬರು ಬಂದ ದಿನವೇ ಹಳೆಯವರಲ್ಲಿ ಒಬ್ಬರು ಡಬ್ಬಗಳ ಮುಂದೆ ನಿಲ್ಲಿಸಿ ತೋರಿಸಲಿ. ಕಸದ ಜವಾಬ್ದಾರಿಯನ್ನು ಒಬ್ಬರ ಹೆಸರಿಗೆ ಹಾಕಿ, ಆ ಕೆಲಸಕ್ಕೆ ಸಂಬಳದಲ್ಲಿ ಏನಾದರೂ ಸೇರಿಸಿ. ಗುಜರಿ ಮಾರಿದ ದುಡ್ಡು ಕೆಲಸದವರಿಗೇ ಹೋಗಲಿ ಅಂತ ನನ್ನ ಖಂಡಿತ ಅಭಿಪ್ರಾಯ. ಮಾಲೀಕರಿಗೆ ಅದು ದೊಡ್ಡ ಮೊತ್ತವಲ್ಲ, ಅವರಿಗೆ ಅದು ಹಬ್ಬದ ಖರ್ಚು. ಅದು ತಮಗೆ ಸಿಗುತ್ತದೆ ಅಂತ ಗೊತ್ತಾದ ಮೇಲೆ ರಟ್ಟಿನ ಮೇಲೆ ನೀರು ಬೀಳದ ಹಾಗೆ ಅವರೇ ನೋಡಿಕೊಳ್ಳುತ್ತಾರೆ.

ಹಸಿ ಕಸ ಎಲ್ಲಿಗೆ

ಹಸಿ ಕಸದಲ್ಲಿ ಮುಕ್ಕಾಲು ಪಾಲು ನೀರೇ. ಅದಕ್ಕೇ ಅದು ಭಾರ, ಅದಕ್ಕೇ ನಾರುತ್ತದೆ. ಮೊದಲ ಕೆಲಸ ನೀರು ಬಸಿಯುವುದು. ಎಂಜಲನ್ನು ತೂತಿನ ಬುಟ್ಟಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಡಬ್ಬಕ್ಕೆ ಸುರಿದರೆ ತೂಕವೂ ಇಳಿಯುತ್ತದೆ, ರಸ್ತೆ ತುಂಬ ಕೊಳೆನೀರು ಸುರಿಯುವುದೂ ನಿಲ್ಲುತ್ತದೆ. ಸಾಗಣೆಗೆ ಕೆಜಿ ಲೆಕ್ಕದಲ್ಲಿ ದುಡ್ಡು ಕೊಡುವವರಿಗೆ ಇದು ನೇರ ಉಳಿತಾಯ.

ಆಮೇಲೆ ನಾಲ್ಕು ದಾರಿ ಇವೆ.

ಸಿಪ್ಪೆ, ಸೊಪ್ಪಿನ ಕಡ್ಡಿ, ಕಲಗಚ್ಚು ಇವನ್ನು ಹತ್ತಿರದಲ್ಲಿ ಹಸು ಸಾಕಿದವರು ಸಂತೋಷದಿಂದ ಒಯ್ಯುತ್ತಾರೆ. ಇದು ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಆದರೆ ಅದರಲ್ಲಿ ಒಂದೇ ಒಂದು ಪಿನ್, ರಬ್ಬರ್ ಬ್ಯಾಂಡ್, ಕವರ್ ಚೂರು ಇದ್ದರೂ ಆ ಹಸುವಿನ ಹೊಟ್ಟೆ ಸೇರುತ್ತದೆ. ಆದ್ದರಿಂದ ಹಸುವಿಗೆ ಕೊಡುವುದು ಹೆಚ್ಚುವ ಕಟ್ಟೆಯ ಸಿಪ್ಪೆ ಮಾತ್ರ, ಎಂಜಲು ಬೇಡ. ಹುಳಿ ಬಂದದ್ದು, ಬೂಸ್ಟು ಹಿಡಿದದ್ದು ಖಂಡಿತ ಬೇಡ.

ಎರಡನೆಯದು ಗೊಬ್ಬರ. ಹಿತ್ತಲಲ್ಲೋ ಮಹಡಿ ಮೇಲೋ ಜಾಗ ಇದ್ದರೆ, ದಿನಕ್ಕೆ ಹತ್ತಿಪ್ಪತ್ತು ಕೆಜಿ ಸಿಪ್ಪೆಯನ್ನು ನೀವೇ ಗೊಬ್ಬರ ಮಾಡಬಹುದು. ಗಾಳಿ ಆಡುವ ತೊಟ್ಟಿ, ಒಂದು ಪದರ ಹಸಿ ಕಸ, ಅದರ ಮೇಲೆ ಒಣಗಿದ ಎಲೆ ಅಥವಾ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಸ್ವಲ್ಪ ಹಳೆ ಗೊಬ್ಬರ ಅಥವಾ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ತಿರುವಿ ಹಾಕಿ. ಒಳಗೆ ಕೈ ಇಟ್ಟರೆ ಬಿಸಿ ತಾಗುತ್ತಿದ್ದರೆ ಸರಿಯಾಗಿ ಕೆಲಸ ಮಾಡುತ್ತಿದೆ. ವಾಸನೆ ಬಂದರೆ ನೀರು ಜಾಸ್ತಿ ಆಗಿದೆ ಅಂತ, ಒಣ ಎಲೆ ಸೇರಿಸಿ. ಎರಡು ತಿಂಗಳ ಹೊತ್ತಿಗೆ ಗೊಬ್ಬರ ಸಿಗುತ್ತದೆ. ಕಾಫಿ ಚರಟ ಇದಕ್ಕೆ ಬಹಳ ಒಳ್ಳೆಯದು, ಫಿಲ್ಟರ್ ಕಾಫಿ ಮಾರುವವರ ಹತ್ತಿರ ಅದು ಬೇಕಾದಷ್ಟು ಇರುತ್ತದೆ. ಎಣ್ಣೆ ಪದಾರ್ಥ, ಮಾಂಸ, ಮೀನು ಮಾತ್ರ ಸಣ್ಣ ತೊಟ್ಟಿಗೆ ಹಾಕಬೇಡಿ, ಇಲಿ ಬರುತ್ತದೆ.

ಮೂರನೆಯದು ಬಯೋಗ್ಯಾಸ್. ಬೇಯಿಸಿದ ಅನ್ನ, ಎಂಜಲು ಗೊಬ್ಬರಕ್ಕಿಂತ ಇದಕ್ಕೇ ಸರಿ. ಒಂದು ಘನ ಮೀಟರ್ ಬಯೋಗ್ಯಾಸ್ ಅರ್ಧ ಕೆಜಿಗಿಂತ ಸ್ವಲ್ಪ ಕಡಿಮೆ ಎಲ್‌ಪಿಜಿಯ ಕೆಲಸ ಮಾಡುತ್ತದೆ. ಆದರೆ ದಿನಾ ಒಂದೇ ಪ್ರಮಾಣದಲ್ಲಿ ಹಾಕಬೇಕು, ನೋಡಿಕೊಳ್ಳಲು ಒಬ್ಬರು ಬೇಕು, ಜಾಗ ಬೇಕು. ದೊಡ್ಡ ಊಟದ ಹೋಟೆಲ್, ಹಾಸ್ಟೆಲ್, ಕಲ್ಯಾಣ ಮಂಟಪಕ್ಕೆ ಲೆಕ್ಕ ಕೂಡಿಬರುತ್ತದೆ. ಸಣ್ಣ ದರ್ಶಿನಿಗೆ ಸುಮ್ನೆ ತಲೆನೋವು.

ನಾಲ್ಕನೆಯದು, ಗಾಡಿಗೆ ಕೊಡುವುದು. ಹೆಚ್ಚಿನವರ ದಾರಿ ಇದೇ. ಹಸಿ ಕಸ ಶುದ್ಧವಾಗಿದ್ದರೆ ಅದು ಗೊಬ್ಬರದ ಘಟಕಕ್ಕೋ ಬಯೋಗ್ಯಾಸ್ ಘಟಕಕ್ಕೋ ಹೋಗುತ್ತದೆ. ಬೆಂಗಳೂರಿಗೆ ಇದು ಹೊಸದೇನಲ್ಲ, ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾದದ್ದು 1975ರಲ್ಲಿ. ಐವತ್ತು ವರ್ಷದಿಂದ ಊರಿನ ಕಸವನ್ನು ಗೊಬ್ಬರ ಮಾಡುವ ವಿದ್ಯೆ ನಮ್ಮಲ್ಲೇ ಇದೆ. ಕೊರತೆ ಇರುವುದು ಶುದ್ಧ ಹಸಿ ಕಸಕ್ಕೆ.

ಎಳನೀರು ಬುರುಡೆ ಬೇರೆಯೇ ಕಥೆ. ಅದು ಹಸಿಯೂ ಹೌದು, ಆದರೆ ಸಾಮಾನ್ಯ ಗೊಬ್ಬರದ ತೊಟ್ಟಿಯಲ್ಲಿ ಬೇಗ ಕರಗುವುದಿಲ್ಲ, ಯಂತ್ರದಲ್ಲಿ ಪುಡಿ ಮಾಡಿಸಬೇಕು. ಸುಮ್ನೆ ಬಿಟ್ಟರೆ ಮಳೆನೀರು ನಿಂತು ಡೆಂಗಿ ಸೊಳ್ಳೆ ಹುಟ್ಟುತ್ತದೆ. ಎಳನೀರು, ಜ್ಯೂಸ್ ಮಾರುವವರು ಬುರುಡೆಯನ್ನು ನಾಲ್ಕು ಸೀಳು ಮಾಡಿ ಬೇರೆ ಚೀಲದಲ್ಲಿ ಇಡಿ, ಅದನ್ನು ಮಾತ್ರ ಒಯ್ಯುವ ಗಾಡಿ ನಿಮ್ಮ ಕಡೆ ಇದೆಯಾ ಅಂತ ವಾರ್ಡ್‌ನ ಆರೋಗ್ಯ ನಿರೀಕ್ಷಕರನ್ನು ಕೇಳಿ.

ಕರಿದ ಎಣ್ಣೆ

ಇದಕ್ಕೆ ಒಂದು ಬೇರೆ ಡ್ರಮ್ ಇಡಲೇಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಪ್ರಕಾರ ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು, ಅಂದ್ರೆ ಎಣ್ಣೆ ಮತ್ತೆ ಮತ್ತೆ ಕಾದಾಗ ಹುಟ್ಟುವ ಕೆಟ್ಟ ಅಂಶಗಳು, ಶೇ. 25 ದಾಟಿದರೆ ಅದರಲ್ಲಿ ಮತ್ತೆ ಕರಿಯುವ ಹಾಗಿಲ್ಲ. 2018ರ ಜುಲೈನಿಂದ ಇದು ಜಾರಿಯಲ್ಲಿದೆ. ಅಳೆಯಲು ಕೈಯಲ್ಲಿ ಹಿಡಿಯುವ ಮೀಟರ್ ಸಿಗುತ್ತದೆ. ಮೀಟರ್ ಇಲ್ಲದವರು ಕಣ್ಣಿಂದಲೇ ನೋಡಬಹುದು: ಬಣ್ಣ ಕಪ್ಪಾಗಿದೆ, ನೊರೆ ಬರುತ್ತಿದೆ, ಮೊದಲಿಗಿಂತ ಬೇಗ ಹೊಗೆ ಏಳುತ್ತಿದೆ ಅಂದ್ರೆ ಆ ಎಣ್ಣೆ ಮುಗಿಯಿತು. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವವರು ಲೆಕ್ಕದ ಪುಸ್ತಕ ಇಡಬೇಕು, ಯಾರಿಗೆ ಕೊಟ್ಟಿರಿ ಅಂತ ಬರೆಯಬೇಕು.

ಆ ಎಣ್ಣೆಯಿಂದ ಬಯೋಡೀಸೆಲ್ ಆಗುತ್ತದೆ, ಸಾಬೂನು ಆಗುತ್ತದೆ. ಅನುಮತಿ ಇರುವ ಸಂಗ್ರಹಗಾರರು ಲೀಟರ್‌ಗೆ ಇಷ್ಟು ಅಂತ ದುಡ್ಡು ಕೊಟ್ಟು ಒಯ್ಯುತ್ತಾರೆ. ಸಂಜೆ ಹೊತ್ತು ಕ್ಯಾನ್ ಹಿಡಿದು ಬಂದು ಜಾಸ್ತಿ ರೇಟ್ ಹೇಳುವವರಿಗೆ ಕೊಡಬೇಡಿ. ಆ ಎಣ್ಣೆ ಅಲ್ಲೇ ಮುಂದಿನ ಬೀದಿಯ ಬಾಣಲೆಗೆ ವಾಪಸ್ ಬರಬಹುದು, ಅದರಲ್ಲಿ ಕರಿದ ಬಜ್ಜಿಯನ್ನು ಯಾರ ಮಕ್ಕಳು ತಿನ್ನುತ್ತಾರೋ ಗೊತ್ತಿಲ್ಲ. ಸಿಂಕ್‌ಗೂ ಸುರಿಯಬೇಡಿ. ಒಳಚರಂಡಿಯಲ್ಲಿ ಜಿಡ್ಡು ಗಟ್ಟಿಯಾಗಿ ಕಟ್ಟಿಕೊಂಡರೆ ಮಳೆಗಾಲದಲ್ಲಿ ಇಡೀ ಬೀದಿಯ ಮ್ಯಾನ್‌ಹೋಲ್ ಉಕ್ಕುತ್ತದೆ, ಅದನ್ನು ಬಿಡಿಸಲು ಒಬ್ಬ ಮನುಷ್ಯ ಬರಬೇಕಾಗುತ್ತದೆ.

ಒಣ ಕಸ: ದುಡ್ಡು ಬರುವುದು, ಬಾರದ್ದು

ರಟ್ಟು, ಪೇಪರ್, ಕಬ್ಬಿಣ, ಅಲ್ಯೂಮಿನಿಯಂ, ನೀರಿನ ಬಾಟಲಿ, ಗಟ್ಟಿ ಪ್ಲಾಸ್ಟಿಕ್ ಕ್ಯಾನ್, ಹಾಲಿನ ಕವರ್ ಇವಕ್ಕೆಲ್ಲ ಗುಜರಿಯಲ್ಲಿ ಬೆಲೆ ಇದೆ. ರಟ್ಟಿನ ಡಬ್ಬ ಬಿಚ್ಚಿ ಚಪ್ಪಟೆ ಮಾಡಿ ಕಟ್ಟು ಕಟ್ಟಿ, ನೆಲದಿಂದ ಮೇಲೆ ಇಡಿ. ಒದ್ದೆಯಾದರೆ ಮುಗಿಯಿತು. ಬಾಟಲಿ ಖಾಲಿ ಮಾಡಿ, ತುಳಿದು, ಮುಚ್ಚಳ ಹಾಕಿ. ಹಾಲಿನ ಕವರ್‌ಗೆ ಒಂದು ಕಿವಿಮಾತು: ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯಬೇಡಿ, ಸೀಳಿ, ಆ ಚೂರು ಕವರ್‌ಗೇ ಅಂಟಿಕೊಂಡಿರಲಿ. ದಿನಕ್ಕೆ ನೂರು ಪ್ಯಾಕೆಟ್ ಒಡೆಯುವ ಟೀ ಅಂಗಡಿಯಲ್ಲಿ ನೂರು ಚೂರು ಮೋರಿಗೆ ಹೋಗುವುದು ಇದರಿಂದ ತಪ್ಪುತ್ತದೆ. ಆಮೇಲೆ ಕವರ್‌ಗಳನ್ನು ಒಮ್ಮೆ ನೀರಲ್ಲಿ ಅದ್ದಿ ತಂತಿ ಮೇಲೆ ನೇತು ಹಾಕಿದರೆ ಒಣಗುತ್ತವೆ, ನಾರುವುದಿಲ್ಲ, ಬೆಲೆಯೂ ಸಿಗುತ್ತದೆ.

ಬೆಲೆ ಬಾರದ್ದು: ಚಿಪ್ಸ್, ಬಿಸ್ಕತ್, ಶಾಂಪೂ ಪೊಟ್ಟಣ. ಒಳಗೆ ಬೆಳ್ಳಿ ಬಣ್ಣ ಇರುವಂಥವು. ಪದರ ಪದರವಾಗಿ ಬೇರೆ ಬೇರೆ ವಸ್ತು ಅಂಟಿಸಿರುವುದರಿಂದ ಇವನ್ನು ಕರಗಿಸಿ ಹೊಸದು ಮಾಡುವುದು ಕಷ್ಟ. ಗುಜರಿ ಅಂಗಡಿ ತೆಗೆದುಕೊಳ್ಳುವುದಿಲ್ಲ, ವಾರ್ಡ್‌ನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಕೊಡಬೇಕು, ಅಲ್ಲಿಂದ ಇಂಥದ್ದು ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಉರುವಲಾಗಿ ಹೋಗುತ್ತದೆ. ಜ್ಯೂಸಿನ ಪೆಟ್ಟಿಗೆ ಪ್ಯಾಕ್ ಚಪ್ಪಟೆ ಮಾಡಿ ಅಲ್ಲಿಗೇ ಕೊಡಿ.

ಪೇಪರ್ ಕಪ್ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕಂದ್ರೆ ಇದನ್ನು ಒಳ್ಳೆಯದು ಅಂತ ನಂಬಿ ಬಳಸುವವರು ಬಹಳ. ಸಾಮಾನ್ಯ ಪೇಪರ್ ಕಪ್‌ನ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಬಿಸಿ ಟೀ ನಿಲ್ಲುವುದೇ ಇಲ್ಲ. ಅದು ಪೇಪರ್ ಗುಜರಿಗೂ ಬೇಡ, ಗೊಬ್ಬರಕ್ಕೂ ಬೇಡ. ಒಳಗೆ ಒಂದು ಗುಟುಕು ಟೀ ಉಳಿದಿರುವುದರಿಂದ ಒಣ ಚೀಲಕ್ಕೆ ಹಾಕಿದರೆ ಉಳಿದ ಪೇಪರ್ ಕೂಡ ಹಾಳು. ಬೆಂಗಳೂರಿನ ಹಳೆ ಕಾಫಿ ಹೋಟೆಲ್‌ಗಳಲ್ಲಿ ಸ್ಟೀಲ್ ಲೋಟ, ಗಾಜಿನ ಲೋಟ ಇಂದಿಗೂ ಓಡುತ್ತಿವೆ. ಕುದಿಯುವ ನೀರಲ್ಲಿ ಅದ್ದುವ ಒಂದು ಪಾತ್ರೆ, ತೊಳೆಯಲು ಒಬ್ಬರು, ಇಷ್ಟಿದ್ದರೆ ಆಗುತ್ತದೆ. ನಿಂತು ಕುಡಿಯುವವರಿಗೆ ಲೋಟ, ಒಯ್ಯುವವರಿಗೆ ಮಾತ್ರ ಕಪ್ ಅಂತ ಮಾಡಿದರೂ ಕಪ್‌ನ ರಾಶಿ ಬಹಳ ಇಳಿಯುತ್ತದೆ.

ಗಾಜು ಭಾರ ಜಾಸ್ತಿ, ಬೆಲೆ ಕಡಿಮೆ. ಬಾರ್, ರೆಸ್ಟೋರೆಂಟ್‌ನವರು ಒಡೆಯದೆ ಕ್ರೇಟ್‌ನಲ್ಲೇ ವಾಪಸ್ ಇಟ್ಟರೆ ಬಿಯರ್ ಬಾಟಲಿ ತೊಳೆದು ಮತ್ತೆ ತುಂಬಲು ಹೋಗುತ್ತದೆ. ಒಡೆದದ್ದನ್ನು ಮಾತ್ರ ದಪ್ಪ ಪೇಪರ್‌ನಲ್ಲಿ ಸುತ್ತಿ ರಟ್ಟಿನ ಡಬ್ಬದಲ್ಲಿ ಹಾಕಿ, ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ಕೈಗೇ ಕೊಡಿ. ಚೀಲದೊಳಗೆ ಅಡಗಿದ ಗಾಜಿಗೆ ಸಿಕ್ಕುವುದು ಪೌರಕಾರ್ಮಿಕರ ಅಂಗೈ. ಕೈ ಕುಯ್ದುಕೊಂಡರೆ ಅವರಿಗೆ ಆ ವಾರದ ಕೆಲಸವೇ ಹೋಗುತ್ತದೆ. ಬ್ಲೇಡ್ ಬಳಸುವ ಸಲೂನ್‌ನವರು ಇದನ್ನು ಎರಡು ಸಲ ಓದಿ. ಮುಚ್ಚಳ ಇರುವ ಒಂದು ಗಟ್ಟಿ ಡಬ್ಬಕ್ಕೆ ಸೀಳು ಮಾಡಿ ಬ್ಲೇಡೆಲ್ಲ ಅದಕ್ಕೇ ಹಾಕಿ, ಕೂದಲು ಕೆಂಪು ಡಬ್ಬಕ್ಕೆ.

ಬಿಲ್ಲು ಮುದ್ರಿಸುವ ಹೊಳಪು ಕಾಗದ ಪೇಪರ್ ಗುಜರಿಗೆ ಸೇರಿಸಬೇಡಿ, ಅದರಲ್ಲಿ ರಾಸಾಯನಿಕ ಲೇಪ ಇದೆ. ಕೇಳಿದವರಿಗೆ ಮಾತ್ರ ಬಿಲ್ ಮುದ್ರಿಸಿ ಕೊಟ್ಟರೆ ಇನ್ನೂ ಒಳ್ಳೆಯದು.

ಬೇರೆ ವ್ಯಾಪಾರದವರಿಗೆ ಬೇಗ ಬೇಗ ಹೇಳುತ್ತೇನೆ. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡು, ಚಾರ್ಜರ್, ಉಬ್ಬಿದ ಬ್ಯಾಟರಿಗಳನ್ನು ಒಂದೇ ಡಬ್ಬಕ್ಕೆ ತುಂಬಬೇಡಿ. ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಒತ್ತಿ ಬೆಂಕಿ ಹತ್ತುತ್ತದೆ. ಇ-ತ್ಯಾಜ್ಯ ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು, ಬೆಂಗಳೂರು ಸುತ್ತ ಅಂಥ ಘಟಕಗಳು ಸಾಕಷ್ಟಿವೆ. ಇನ್ವರ್ಟರ್ ಬ್ಯಾಟರಿ ಹೊಸದು ಕೊಳ್ಳುವಾಗ ಹಳೆಯದನ್ನು ಡೀಲರ್‌ಗೇ ಕೊಡಿ, ಬೆಲೆಯಲ್ಲೂ ಕಡಿತ ಸಿಗುತ್ತದೆ. ಎಲ್‌ಇಡಿ ಅಲ್ಲದ ಹಳೆ ಟ್ಯೂಬ್‌ಲೈಟ್‌ನಲ್ಲಿ ಪಾದರಸ ಇದೆ, ಒಡೆಯಬೇಡಿ. ಗ್ಯಾರೇಜ್‌ನ ಹಳೆ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ, ಮೋರಿಗೂ ಇಲ್ಲ, ಮಣ್ಣಿಗೂ ಇಲ್ಲ, ಅನುಮತಿ ಇರುವವರಿಗೇ. ಕ್ಲಿನಿಕ್, ಲ್ಯಾಬ್‌ಗಳ ಸೂಜಿ, ಹತ್ತಿ, ಬ್ಯಾಂಡೇಜು ಯಾವ ಕಾರಣಕ್ಕೂ ಊರಿನ ಕಸದ ಗಾಡಿಗೆ ಹೋಗಬಾರದು, ಅದಕ್ಕೆ ಜೈವಿಕ ವೈದ್ಯಕೀಯ ತ್ಯಾಜ್ಯ ಘಟಕದ ಗಾಡಿಯೇ ಬರಬೇಕು. ಟೈಲರ್ ಅಂಗಡಿಯ ಬಟ್ಟೆ ಚೂರು ಒಣಗಿದ್ದರೆ ದಿಂಬು, ಹಾಸಿಗೆ ತುಂಬುವವರು ಕೇಳುತ್ತಾರೆ.

ಯಾರ ಕೈಗೆ ಕೊಡಬೇಕು

ಹೆಚ್ಚಿನ ಕಡೆ ಹಸಿ ಕಸಕ್ಕೆ ದಿನಾ ಗಾಡಿ, ಒಣ ಕಸಕ್ಕೆ ವಾರಕ್ಕೆ ಒಂದೆರಡು ದಿನ. ಗಾಡಿ ಬರುವ ಹೊತ್ತು ಬೆಳಿಗ್ಗೆ, ನಿಮ್ಮ ಕಸ ಹುಟ್ಟುವುದು ರಾತ್ರಿ ಹನ್ನೊಂದಕ್ಕೆ. ಈ ಅಂತರವೇ ಮೂಲೆ ಮೂಲೆಯಲ್ಲಿ ಕಸದ ರಾಶಿ ಹುಟ್ಟಿಸುತ್ತದೆ. ಅಂಗಡಿ ಬಾಗಿಲು ಹಾಕಿದ ಮೇಲೆ ಚೀಲವನ್ನು ಕರೆಂಟ್ ಕಂಬದ ಕೆಳಗೆ ಇಟ್ಟು ಹೋದರೆ ರಾತ್ರಿಯಿಡೀ ನಾಯಿ ಎಳೆದಾಡುತ್ತವೆ. ಕಸವನ್ನು ಒಳಗೇ ಇಡುವ ಜಾಗ ಮಾಡಿ, ಮುಚ್ಚಳ ಇರುವ ಡ್ರಮ್ ಇಡಿ, ಬೆಳಿಗ್ಗೆ ಬಾಗಿಲು ತೆಗೆಯುವವರು ಕೈಯಾರೆ ಗಾಡಿಗೆ ಕೊಡಲಿ. ಸಮಯ ಹೊಂದುವುದೇ ಇಲ್ಲ ಅಂದ್ರೆ ಬೀದಿಯ ನಾಲ್ಕೈದು ಅಂಗಡಿಯವರು ಸೇರಿ ಕೇಳಿ, ಒಬ್ಬರು ಕೇಳಿದರೆ ಆಗದ್ದು ಬೀದಿಯೇ ಕೇಳಿದರೆ ಆಗುತ್ತದೆ.

ಖಾಸಗಿ ಏಜೆನ್ಸಿಗೆ ಕೊಡುವವರು ರೇಟು ಒಂದನ್ನೇ ನೋಡಬೇಡಿ. ಪಾಲಿಕೆಯ ಅನುಮತಿ ಪತ್ರ ಕೇಳಿ. ಹಸಿ ಕಸ ಎಲ್ಲಿ ಇಳಿಸುತ್ತೀರಿ, ಒಣ ಕಸ ಯಾರಿಗೆ ಮಾರುತ್ತೀರಿ, ದಿನದ ತೂಕದ ಚೀಟಿ ಕೊಡುತ್ತೀರಾ, ಒಂದೇ ಗಾಡಿಯಲ್ಲಿ ಎರಡನ್ನೂ ಸೇರಿಸಿ ಸುರಿಯುತ್ತೀರಾ? ಈ ಕೊನೆಯ ಪ್ರಶ್ನೆಗೆ ಉತ್ತರ ಬಾಯಲ್ಲಿ ಬೇಡ, ಗಾಡಿಯನ್ನೇ ನೋಡಿ. ಒಂದು ದಿನ ನಿಮ್ಮವರೊಬ್ಬರನ್ನು ಗಾಡಿ ಹಿಂದೆ ಬೈಕಿನಲ್ಲಿ ಕಳಿಸಿ. ಒಳ್ಳೆಯ ಏಜೆನ್ಸಿಯವರು ತಾವೇ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಮಾರುಕಟ್ಟೆಗಿಂತ ಅರ್ಧ ರೇಟಿಗೆ ಒಯ್ಯುತ್ತೇವೆ ಅನ್ನುವವರು ಆ ಕಸವನ್ನು ಕೆರೆ ಅಂಚಿಗೋ ಖಾಲಿ ಸೈಟಿಗೋ ಸುರಿಯುವ ಸಾಧ್ಯತೆಯೇ ಹೆಚ್ಚು. ಆಮೇಲೆ ಆ ರಾಶಿಯಲ್ಲಿ ನಿಮ್ಮ ಹೋಟೆಲ್ ಹೆಸರಿನ ಪಾರ್ಸಲ್ ಡಬ್ಬ ಸಿಕ್ಕಿದರೆ ಉತ್ತರ ಕೊಡಬೇಕಾದವರು ನೀವೇ.

ಇನ್ನು ಚಿಂದಿ ಆಯುವವರು, ಬೀದಿ ಗುಜರಿಯವರು. ಯಾವ ನಿಯಮವೂ ಇಲ್ಲದ ಕಾಲದಿಂದ ಈ ಊರಿನ ಮರುಬಳಕೆ ನಡೆಸಿಕೊಂಡು ಬಂದವರು ಇವರು. ಬೆಂಗಳೂರಿನಲ್ಲಿ ಹಸಿರು ದಳ ಸಂಸ್ಥೆ ಅವರನ್ನು ಒಟ್ಟುಗೂಡಿಸಿತು, ಎಷ್ಟೋ ವಾರ್ಡ್‌ಗಳ ಒಣ ಕಸ ಕೇಂದ್ರಗಳನ್ನು ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ ಇವತ್ತು ನಡೆಸುತ್ತಿದ್ದಾರೆ. ನಿಮ್ಮ ಬೀದಿಗೆ ದಿನಾ ಬರುವ ಅಕ್ಕ ಇದ್ದರೆ ಹೆಸರು ಕೇಳಿ, ರಟ್ಟು, ಬಾಟಲಿ ಅವರಿಗೇ ಅಂತ ನಿಗದಿ ಮಾಡಿ, ಕುಡಿಯಲು ನೀರು, ಟಾಯ್ಲೆಟ್‌ಗೆ ಜಾಗ ಕೊಡಿ. ಚೀಲ ಕೆದಕುತ್ತಾರೆ ಅಂತ ಓಡಿಸುವ ಅಂಗಡಿಯವರನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅವರು ಕೆದಕುವುದು ನೀವು ಬೇರೆ ಮಾಡದೆ ಕೊಟ್ಟದ್ದಕ್ಕೆ.

ಸುಡುವುದು ಮಾತ್ರ ಬೇಡವೇ ಬೇಡ. ಕೈಗಾಡಿಯವರಿಂದ ಹಿಡಿದು ದೊಡ್ಡ ಅಂಗಡಿಯವರೆಗೆ ಬೆಳಿಗ್ಗೆ ಒಂದು ಗುಡ್ಡೆ ಹಾಕಿ ಬೆಂಕಿ ಇಡುವ ಅಭ್ಯಾಸ ಇನ್ನೂ ಇದೆ. ಪ್ಲಾಸ್ಟಿಕ್ ಹೊಗೆಯನ್ನು ಮೊದಲು ಉಸಿರಾಡುವುದು ಅದನ್ನು ಹಚ್ಚಿದವರೇ.

ಕಸ ಹುಟ್ಟದ ಹಾಗೆ

ಕರ್ನಾಟಕದಲ್ಲಿ 2016ರ ಮಾರ್ಚ್‌ನಿಂದಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಎಲ್ಲಕ್ಕೂ ನಿಷೇಧ ಇದೆ. ದೇಶದ ಮಟ್ಟದ ಏಕಬಳಕೆ ನಿಷೇಧ ಬಂದದ್ದು 2022ರ ಜುಲೈನಲ್ಲಿ. ಆದರೂ ತಟ್ಟೆ ತೊಳೆಯುವ ಕೆಲಸ ಉಳಿಯಲಿ ಅಂತ ಅದರ ಮೇಲೆ ತೆಳು ಪ್ಲಾಸ್ಟಿಕ್ ಹಾಕಿ ಬಿಸಿ ಬಿಸಿ ಪಲಾವ್ ಬಡಿಸುವುದು ಇನ್ನೂ ನಿಂತಿಲ್ಲ. ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಕಿ ಬೇಯಿಸುತ್ತಿದ್ದದ್ದು ತಪಾಸಣೆಯಲ್ಲಿ ಸಿಕ್ಕಿ 2025ರಲ್ಲಿ ಸರ್ಕಾರವೇ ಅದನ್ನು ನಿಷೇಧಿಸುತ್ತೇವೆ ಅಂತ ಹೇಳಬೇಕಾಯಿತು. ಇಡ್ಲಿಗೆ ಬಟ್ಟೆ, ಊಟಕ್ಕೆ ಬಾಳೆಎಲೆ, ಪಾರ್ಸಲ್‌ಗೆ ಮುತ್ತುಗದ ಎಲೆ, ಅಡಿಕೆ ಹಾಳೆ. ಇವೆಲ್ಲ ನಮ್ಮ ಅಡುಗೆಮನೆಯವೇ, ಬಟ್ಟೆ ತೊಳೆದು ಮತ್ತೆ ಬಳಸಬಹುದು, ಎಲೆ, ಹಾಳೆ ನೇರ ಹಸಿ ಡಬ್ಬಕ್ಕೆ ಹೋಗುತ್ತವೆ. ಪಾರ್ಸಲ್‌ಗೆ ಡಬ್ಬಿ ತಂದವರಿಗೆ ಐದು ರೂಪಾಯಿ ಕಡಿಮೆ ಮಾಡಿ, ಬೋರ್ಡ್ ಹಾಕಿ, ಗಲ್ಲಾದಲ್ಲಿ ಕೂತವರು ಬಾಯಿಬಿಟ್ಟು ಹೇಳಲಿ. ಸಾಮಾನು ಕಳಿಸುವವರಿಗೂ ಹೇಳಿ: ಎಣ್ಣೆ ಪ್ಯಾಕೆಟ್ ಬದಲು ಟಿನ್ನು, ತರಕಾರಿ ಕವರ್ ಬದಲು ಕ್ರೇಟು, ಕ್ರೇಟು ವಾಪಸ್.

ಹಬ್ಬದ ದಿನಗಳಿಗೆ ಬೇರೆ ತಯಾರಿ ಬೇಕು. ಆಯುಧಪೂಜೆ ಮಾರನೆಯ ದಿನ ಪ್ರತಿ ಅಂಗಡಿ ಮುಂದೆ ಬಾಳೆಕಂದು, ಒಡೆದ ಬೂದುಗುಂಬಳ, ಹೂವಿನ ರಾಶಿ ಬಿದ್ದಿರುತ್ತದೆ, ಗಾಡಿಗಳಿಗೆ ಹೊರಲು ಆಗುವುದಿಲ್ಲ. ಕುಂಬಳವನ್ನು ರಸ್ತೆ ಮಧ್ಯೆ ಒಡೆಯಬೇಡಿ, ಬೈಕಿನವರು ಜಾರಿ ಬೀಳುತ್ತಾರೆ. ಪಕ್ಕದಲ್ಲಿ ಒಡೆದು ಸಂಜೆಯೇ ಎತ್ತಿ ಹಸಿ ಡಬ್ಬಕ್ಕೆ ಹಾಕಿ. ಬಾಳೆಕಂದನ್ನು ಮೊಣಕೈ ಉದ್ದಕ್ಕೆ ಕತ್ತರಿಸಿ, ಹೂವಿನ ಹಾರದಿಂದ ದಾರ, ಜರಿ, ಪ್ಲಾಸ್ಟಿಕ್ ಮಣಿ ಕಿತ್ತು ಬೇರೆ ಮಾಡಿ. ಹಬ್ಬಕ್ಕೆ ಎರಡು ದಿನ ಮೊದಲೇ ಗಾಡಿಯವರಿಗೆ ಫೋನ್ ಮಾಡಿ, ಅವತ್ತು ಅವರಿಗೂ ರಜೆ ಇದೆಯಾ, ಮಾರನೆಯ ದಿನ ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳಿಟ್ಟುಕೊಳ್ಳಿ. ಪೂಜೆಗೆ ಕೊಡುವ ಸಿಹಿ, ಇನಾಮಿನ ಲೆಕ್ಕದಲ್ಲಿ ಅವರ ಹೆಸರೂ ಇರಲಿ.